ಯುದ್ಧದ ತೀರ್ಮಾನ ಯಂತ್ರದ ಕೈಗೆ?

ಪ್ರಶ್ನೆ: ಮೂರನೆಯ ಮಹಾಯುದ್ಧಕ್ಕೆ ಕೃತಕ ಬುದ್ಧಿಮತ್ತೆಯೇ ಕಾರಣವಾಗಬಹುದೆಂಬ ಎಲಾನ್ ಮಸ್ಕ್ ಅವರ ಮಾತನ್ನು ಗಂಭೀರವಾಗಿ ಪರಿಗಣಿಸಬೇಕೆ?

ಉತ್ತರ: ಮಾತನ್ನು ಖಂಡಿತ ಪರಿಗಣಿಸಬೇಕು, ಆಡಿದವರ ನಡೆಯನ್ನೂ ಗಮನಿಸಬೇಕು. ಈ ತಂತ್ರಜ್ಞಾನದಲ್ಲಿ ಮೇಲುಗೈ ಸಾಧಿಸಲು ರಾಷ್ಟ್ರಗಳು ನಡೆಸುವ ಪೈಪೋಟಿಯೇ ಯುದ್ಧಕ್ಕೆ ದಾರಿಯಾದೀತು, ಮೊದಲು ದಾಳಿ ಮಾಡಿದರೇ ಗೆಲುವೆಂದು ನಾಯಕರ ಬದಲು ಯಂತ್ರವೇ ತೀರ್ಮಾನಿಸಿಬಿಟ್ಟೀತು ಎಂಬುದು 2017ರಲ್ಲಿ ಅವರು ಮುಂದಿಟ್ಟ ಆತಂಕ. 1983ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಷಿಪಣಿಗಳು ಬರುತ್ತಿವೆಯೆಂದು ಸೋವಿಯತ್ ಎಚ್ಚರಿಕೆ ವ್ಯವಸ್ಥೆ ಕೂಗಿಕೊಂಡಾಗ, ನಿಜವಾದ ದಾಳಿಯಾದರೆ ಐದೇ ಕ್ಷಿಪಣಿ ಬರುವುದುಂಟೆ ಎಂದು ಶಂಕಿಸಿ, ಅದು ಸುಳ್ಳು ಎಚ್ಚರಿಕೆಯೆಂದು ಮೇಲಿನವರಿಗೆ ತಿಳಿಸಿದವರು ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಅಧಿಕಾರಿ. ಆ ಕುರ್ಚಿಯಲ್ಲಿ ಮನುಷ್ಯನಿದ್ದದ್ದು ನಮ್ಮ ಪುಣ್ಯ! ಇನ್ನು ನಡೆಯ ಮಾತು: 2023ರ ಮಾರ್ಚ್‌ನಲ್ಲಿ ಪ್ರಬಲ ಕೃತಕ ಬುದ್ಧಿಮತ್ತೆ ವ್ಯವಸ್ಥೆಗಳ ತರಬೇತಿಗೆ ಆರು ತಿಂಗಳ ವಿರಾಮ ಕೋರಿದ ಪತ್ರಕ್ಕೆ ಸಹಿ ಹಾಕಿದ ಮಸ್ಕ್, ಜುಲೈನಲ್ಲಿ ತಮ್ಮದೇ ಎಕ್ಸ್‌ಎಐ ಎಂಬ ಕೃತಕ ಬುದ್ಧಿಮತ್ತೆ ಕಂಪನಿಯನ್ನು ಘೋಷಿಸಿದರು.