ಹೊಡೆದವನಿಗೆ ರೊಟ್ಟಿ, ಬಿದ್ದವಳಿಗೆ ಉಪವಾಸವೇ?

ಈ ವಾರಕ್ಕೆ ಬೇರೊಂದು ಪತ್ರಕ್ಕೆ ಉತ್ತರ ಬರೆದು ಮುಗಿಸಿದ್ದೆ. ಮಗನ ಮೊಬೈಲ್ ಹುಚ್ಚಿನ ಬಗ್ಗೆ ಕೇಳಿದ್ದ ತಂದೆಯೊಬ್ಬರಿಗೆ. ಅವರು ಇನ್ನೊಂದು ವಾರ ಕಾಯಲಿ, ಆ ಹುಚ್ಚು ಅಷ್ಟರಲ್ಲಿ ಬಿಟ್ಟುಹೋಗುವಂಥದ್ದಲ್ಲ. ನಿಮ್ಮ ಪತ್ರ ಓದಿ ಮಲಗೋಣ ಅಂತ ತೆರೆದೆ, ಮಲಗಿದ್ದು ಬೆಳಗಿನ ಜಾವಕ್ಕೆ. ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಆಮೇಲೆ ಹೇಳುತ್ತೇನೆ, ನೀವು ಅಂದುಕೊಂಡವರ ಮೇಲಲ್ಲ.

ಓದುಗರಿಗೆ ಮೊದಲು ಕಥೆ. ಪತ್ರ ಬರೆದ ಇವರಿಗೆ ಮೂವತ್ತೆಂಟು ವರ್ಷ. ಹೋದ ವರ್ಷ ಒಂದು ಸಂಜೆ ಕೆಲಸ ಮುಗಿಸಿ ನಡೆದು ಬರುತ್ತಿದ್ದರು. ಬೈಕಿನಲ್ಲಿ ಹಿಂದಿನಿಂದ ಬಂದವನೊಬ್ಬ ಬ್ಯಾಗಿಗೆ ಕೈ ಹಾಕಿದ. ಇವರು ಬಿಡಲಿಲ್ಲ. ಅವನು ಎಳೆದುಕೊಂಡೇ ಹೋದ, ಇವರು ಬಿದ್ದ ಮೇಲೆ ಇಳಿದು ಬಂದು ಕೈ ತುಳಿದು ಬ್ಯಾಗ್ ಬಿಡಿಸಿಕೊಂಡ. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಪೊಲೀಸರು ಹಿಡಿದ ಮೇಲೆ ನೋಡಿದರೆ ಹೆಲ್ಮೆಟ್ಟಿನೊಳಗಿದ್ದ ಮುಖ ಇವರದೇ ಸಭೆಯ, ಅಂದರೆ ಚರ್ಚಿನ, ಹುಡುಗನದು. ಅವನ ತಾಯಿ ಗಾಯನ ತಂಡದಲ್ಲಿ ಇವರ ಪಕ್ಕದಲ್ಲೇ ನಿಂತು ಹಾಡುವವರು. ಹುಡುಗ ಈಗ ಜಾಮೀನಿನ ಮೇಲೆ ಹೊರಗಿದ್ದಾನೆ, ಪ್ರತಿ ಭಾನುವಾರ ಆರಾಧನೆಗೆ ಬರುತ್ತಾನೆ. ಮುಂದಿನ ತಿಂಗಳು ಕೋರ್ಟಿನಲ್ಲಿ ಇವರು ಸಾಕ್ಷಿ ಹೇಳಬೇಕು. ಅದಕ್ಕೆ ಮೊದಲು ಒಂದು ಭಾನುವಾರ ಎಲ್ಲರ ಮುಂದೆ ನಿಂತು 'ಅವನನ್ನು ಕ್ಷಮಿಸಿದ್ದೇನೆ' ಅಂತ ಸಾಕ್ಷಿ ಹೇಳಿ, ಕೇಸನ್ನೂ ಬಿಟ್ಟುಬಿಡಿ ಎಂದು ಪಾಸ್ಟರ್ ಕೇಳಿದ್ದಾರೆ. 'ಗ್ಲಾಡಿಸ್ ಸ್ಟೇನ್ಸ್ ಅಷ್ಟು ದೊಡ್ಡದನ್ನೇ ಕ್ಷಮಿಸಿದರು, ನಿಮ್ಮದು ಒಂದು ಬ್ಯಾಗು' ಎಂದಿದ್ದಾರೆ. ನಾದಿನಿಯಂತೂ ದಿನಾ ಹೇಳುತ್ತಾರಂತೆ: 'ನೀನು ಮನಸ್ಸಿನಿಂದ ಕ್ಷಮಿಸಿದ್ದರೆ ಇಷ್ಟು ಹೊತ್ತಿಗೆ ನಿದ್ದೆ ಬರುತ್ತಿತ್ತು. ನಮ್ಮ ಸಭೆಯ ಹುಡುಗನೇ ಅಲ್ವಾ, ಸುಮ್ನಿರು.'

ಕೊನೆಗೆ ಇವರ ಪ್ರಶ್ನೆ: 'ಬೈಕಿನ ಸದ್ದು ಕೇಳಿದರೆ ಈಗಲೂ ಗೋಡೆಗೆ ಒರಗಿಕೊಳ್ಳುತ್ತೇನೆ. ಅವನ ಮುಖ ಕಂಡರೆ ಪ್ರಾರ್ಥನೆ ನಿಂತುಹೋಗುತ್ತದೆ. ನಾನು ಕ್ರೈಸ್ತಳು ಎಂದು ಹೇಳಿಕೊಳ್ಳಬಹುದಾ?'

ಹೇಳಿಕೊಳ್ಳಬಹುದು. ಆದರೆ ನನ್ನ ಕಣ್ಣು ನಿಂತಿದ್ದು ಆ ಪ್ರಶ್ನೆಯ ಮೇಲಲ್ಲ, ಅದರ ಕೆಳಗಿನ ಸಾಲಿನ ಮೇಲೆ. 'ಕೈ ನೋವಿನಿಂದ ಅಕ್ಷರ ಸರಿ ಬಂದಿಲ್ಲ. ಐದು ತಿಂಗಳಿಂದ ಕರ್ತನ ಭೋಜನ ಕೂಡ ತೆಗೆದುಕೊಂಡಿಲ್ಲ, ನಾನು ಯೋಗ್ಯಳಲ್ಲ. ಅವನು ತೆಗೆದುಕೊಳ್ಳುತ್ತಾನೆ. ಅದಿರಲಿ.'

ಅದಿರಲಿ ಅಂದರೇನು? ಅದೇ ಮುಖ್ಯ ವಿಷಯ. ಕರ್ತನ ಭೋಜನ ಅಂದರೆ ಯೇಸುವಿನ ನೆನಪಿಗೆ ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು.

ಮಣಿಕಟ್ಟು ಮುರಿದವನು ಎದ್ದು ಹೋಗಿ ರೊಟ್ಟಿ ತಿನ್ನುತ್ತಾನೆ, ದ್ರಾಕ್ಷಾರಸ ಕುಡಿಯುತ್ತಾನೆ. ಮುರಿಸಿಕೊಂಡವರು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂರುತ್ತಾರೆ. ಐದು ತಿಂಗಳು ಇದು ನಡೆದಿದೆ, ಇಡೀ ಸಭೆಯಲ್ಲಿ ಒಬ್ಬರಾದರೂ 'ಯಾಕಮ್ಮಾ, ಏನಾಯ್ತು' ಅಂತ ಕೇಳಿಲ್ಲ. ಕೇಳಿದ್ದರೆ ನೀವು ಬರೆಯುತ್ತಿದ್ದಿರಿ.

ನಿಮ್ಮ ತಲೆಯಲ್ಲಿರುವ ವಾಕ್ಯ ಯಾವುದು ಅಂತ ನಾನು ಊಹಿಸಬಲ್ಲೆ. ಬೈಬಲಿನ ಮತ್ತಾಯನ ಸುವಾರ್ತೆ, ಐದನೇ ಅಧ್ಯಾಯ, ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಅನ್ನುವ ಮಾತು. ಅದನ್ನು ದಯವಿಟ್ಟು ಇನ್ನೊಮ್ಮೆ ನಿಧಾನವಾಗಿ ಓದಿ. ನಿನಗೆ ಯಾರ ಮೇಲಾದರೂ ಸಿಟ್ಟಿದ್ದರೆ ಅಂತ ಅಲ್ಲಿಲ್ಲ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ದೂರು ಇದೆ ಅಂತ ನೆನಪಾದರೆ, ಅಂತಿದೆ. ಅಂದರೆ ಎದ್ದು ಹೋಗಬೇಕಾದವನು ತಪ್ಪು ಮಾಡಿದವನು! ಕಾಣಿಕೆ ಅಲ್ಲೇ ಬಿಟ್ಟು ನಿಮ್ಮ ಮನೆ ಬಾಗಿಲಿಗೆ ಬರಬೇಕಾದ್ದು ಅವನ ಕಾಲು. ಎಷ್ಟೋ ಪ್ರಸಂಗಗಳಲ್ಲಿ ಈ ವಾಕ್ಯವನ್ನು ಅಂಗಿ ಒಳಮಗ್ಗುಲು ಹಾಕಿಕೊಂಡಂತೆ ತಿರುಗಿಸಿ ಗಾಯಗೊಂಡವರ ಮೇಲೆಯೇ ಹೊರಿಸುವುದನ್ನು ಕೇಳಿದ್ದೇನೆ.

ಇನ್ನು 'ಯೋಗ್ಯಳಲ್ಲ'. ಅದು ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ ಹನ್ನೊಂದನೇ ಅಧ್ಯಾಯ, ಅಯೋಗ್ಯವಾಗಿ ತಿನ್ನುವವರ ಬಗ್ಗೆ. ಪೌಲನಿಗೆ ಅಲ್ಲಿ ಸಿಟ್ಟು ಯಾರ ಮೇಲೆ? ಮೊದಲು ಬಂದು ಹೊಟ್ಟೆ ತುಂಬಾ ಉಂಡು ಕುಡಿದು, ಏನೂ ಇಲ್ಲದವರನ್ನು ಹಸಿದ ಹೊಟ್ಟೆಯಲ್ಲಿ ನಿಲ್ಲಿಸಿ ನಾಚಿಸಿದವರ ಮೇಲೆ. ನಿದ್ದೆ ಬರದ, ಕೈ ನೋಯುವ, ಹೆದರಿದ ಹೆಂಗಸಿನ ಮೇಲಲ್ಲ. ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿ ಎಂದು ಅವನು ಆ ಮಾತು ಮುಗಿಸುತ್ತಾನೆ. ನಿಮಗಾಗಿ ಯಾರು ಕಾದರು?

ಕಳ್ಳನಿಗೆ ಕೃಪೆ, ನಿಮಗೆ ಮಾತ್ರ ಪರೀಕ್ಷೆ, ಹಾಗಾಗಿದೆ ಇದು. ಅವನು ಬರಬಾರದು ಅಂತ ನಾನು ಹೇಳುತ್ತಿಲ್ಲ, ಬರಲಿ. ತನ್ನನ್ನು ಶತ್ರುಗಳಿಗೆ ಹಿಡಿದುಕೊಡುವವನ ಕೈ ಕೂಡ ಮೇಜಿನ ಮೇಲೆ ತನ್ನ ಕೈ ಜೊತೆ ಇದೆ ಎಂದು ಯೇಸುವೇ ಹೇಳಿದ್ದು ಲೂಕನ ಸುವಾರ್ತೆಯಲ್ಲಿದೆ. ಆದರೆ ಯೋಗ್ಯತೆ ನೋಡದೆ ಸಿಗುವುದೇ ಕೃಪೆಯಾದರೆ, ಕ್ಷಮಿಸಿದ ಸರ್ಟಿಫಿಕೇಟ್ ತಂದರೆ ಮಾತ್ರ ನಿಮಗೆ ಕೊಡುತ್ತೇವೆ ಎನ್ನುವುದು ಕೃಪೆ ಹೇಗಾಗುತ್ತದೆ?

ಈಗ ಸಿಟ್ಟಿನ ವಿಷಯ. ಹುಡುಗನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನು ಅಪರಾಧಿ, ಅವನ ಲೆಕ್ಕ ಕೋರ್ಟಿನಲ್ಲಿದೆ. ಪಾಸ್ಟರ್ ಬಗ್ಗೆ ಕೂಡ ಅರ್ಧ ಸಹಾನುಭೂತಿ ಇದೆ, ಎರಡೂ ಮನೆಯವರು ಅವರ ಮುಂದೆ ಕೂರುತ್ತಾರೆ, ಬೇಗ ಎಲ್ಲ ಸರಿಹೋದರೆ ಸಾಕು ಅನ್ನಿಸಿರಬೇಕು. ನನ್ನ ಸಿಟ್ಟೆಲ್ಲ ನಿಮ್ಮ ನಾದಿನಿ ಮೇಲೆ. ಹೌದು, ಇದು ಅನ್ಯಾಯ ಇರಬಹುದು, ಅವರ ಕಡೆಯ ಮಾತು ನಾನು ಕೇಳಿಲ್ಲ. ಆದರೂ. ಕಳ್ಳ ಒಂದು ಸಲ ತುಳಿದ, ಇವರು ದಿನಾ ತುಳಿಯುತ್ತಿದ್ದಾರೆ.

'ಸುಮ್ನಿರು, ನಮ್ಮವನೇ ಅಲ್ವಾ' ಅನ್ನುವ ಮಾತು ಬೈಬಲಿನಲ್ಲೇ ಇದೆ ಗೊತ್ತಾ? ಸಮುವೇಲನ ಎರಡನೇ ಪುಸ್ತಕ, ಹದಿಮೂರನೇ ಅಧ್ಯಾಯ. ದಾವೀದನ ಮಗಳು ತಾಮಾರಳ ಮೇಲೆ ಮಲಅಣ್ಣ ಅಮ್ನೋನ ಅತ್ಯಾಚಾರ ಮಾಡುತ್ತಾನೆ. ಅವಳು ಬಟ್ಟೆ ಹರಿದುಕೊಂಡು ಕೂಗುತ್ತಾ ಹೋಗುತ್ತಾಳೆ. ಒಡಹುಟ್ಟಿದ ಅಣ್ಣ ಅಬ್ಷಾಲೋಮ ಏನು ಹೇಳುತ್ತಾನೆ? ಸುಮ್ಮನಿರು ತಂಗಿ, ಅವನು ನಿನ್ನ ಅಣ್ಣ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಪ್ಪ ದಾವೀದನಿಗೆ ಕೋಪ ಬಂತು ಅಂತಿದೆ, ಆದರೆ ಅವನು ಏನಾದರೂ ಮಾಡಿದ ಅಂತ ಇಲ್ಲ. ಮನೆಯವರೆಲ್ಲ ಸುಮ್ಮನಿದ್ದರು. ಎರಡು ವರ್ಷ ಕಳೆದ ಮೇಲೆ ಅದೇ ಅಬ್ಷಾಲೋಮ ಅಮ್ನೋನನನ್ನು ಕೊಲ್ಲಿಸಿದ. ನಿಮ್ಮ ಮೇಲೆ ನಡೆದದ್ದು ಬೇರೆ ಅಪರಾಧ, ಗೊತ್ತು. ಬಾಯಿ ಮುಚ್ಚಿಸುವ ವಾಕ್ಯ ಮಾತ್ರ ಪದಕ್ಕೆ ಪದ ಅದೇ.

ನಿದ್ದೆ ವಿಷಯಕ್ಕೂ ಕ್ಷಮೆಗೂ ಗಂಟು ಹಾಕಬೇಡಿ. ಬೈಕಿನ ಸದ್ದಿಗೆ ಬೆಚ್ಚುವುದು ನಿಮ್ಮ ಮೈ, ನಿಮ್ಮ ನಂಬಿಕೆಯಲ್ಲ. ಮೂಳೆಗೆ ಪ್ಲಾಸ್ಟರ್ ಹಾಕಿಸಿಕೊಂಡಿರಲ್ಲ, ಹಾಗೆಯೇ ಇದಕ್ಕೂ ಡಾಕ್ಟರ್ ಇದ್ದಾರೆ, ಹೋಗಿ ತೋರಿಸಿ. ಇಷ್ಟೇ.

ಕೇಸಿನ ವಿಷಯಕ್ಕೆ ಬಂದರೆ, ನಮ್ಮ ಭಾಷೆಯಲ್ಲಿ ಒಂದು ತಮಾಷೆ ಇದೆ. ಸಭೆಯಲ್ಲಿ ಹೇಳುವುದಕ್ಕೂ ಸಾಕ್ಷಿ ಅಂತೀವಿ, ಕೋರ್ಟಿನಲ್ಲಿ ಹೇಳುವುದಕ್ಕೂ ಸಾಕ್ಷಿ ಅಂತೀವಿ. ನಿಮ್ಮಿಂದ ಮೊದಲನೆಯದನ್ನು ಹೇಳಿಸುತ್ತಿರುವುದೇ ಎರಡನೆಯದು ಹೊರಬರದಿರಲಿ ಎಂದು. ಈ ಅಂಕಣ ಓದುವವರಿಗೆ ನನ್ನ ಹಳೆ ಹಾಡು ಗೊತ್ತು: ಕ್ಷಮೆ ಒಬ್ಬರ ಕೆಲಸ, ರಾಜಿ ಇಬ್ಬರ ಕೆಲಸ, ಶಿಕ್ಷೆ ಕೋರ್ಟಿನ ಕೆಲಸ. ಮೂರನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿದರೆ ಯಾವುದೂ ಉಳಿಯುವುದಿಲ್ಲ. ಇಂಥ ಅಪರಾಧದ ಕೇಸು ಸಾಮಾನ್ಯವಾಗಿ ಸರ್ಕಾರ ನಡೆಸುವುದು, ನೀವು ಅಲ್ಲಿ ಕಂಡದ್ದನ್ನು ಹೇಳುವವರು. ಕಂಡದ್ದು ಕಂಡಂತೆ ಹೇಳುವುದು ದ್ವೇಷ ಅಲ್ಲ.

ಪಾಸ್ಟರ್ ಗ್ಲಾಡಿಸ್ ಸ್ಟೇನ್ಸ್ ಹೆಸರು ಎತ್ತಿದರಲ್ಲ, ಅದನ್ನು ಪೂರ್ತಿ ಹೇಳಬೇಕಿತ್ತು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ ಗ್ರಹಾಂ ಮತ್ತು ಇಬ್ಬರು ಪುಟ್ಟ ಗಂಡುಮಕ್ಕಳನ್ನು, ವಾಹನದಲ್ಲಿ ಮಲಗಿದ್ದಾಗ ಸುಟ್ಟು ಕೊಂದರು. ಆಕೆ ಕ್ಷಮಿಸಿದ್ದೇನೆ ಎಂದರು. ಆದರೆ ಕ್ಷಮೆಯನ್ನೂ ಅಪರಾಧದ ಪರಿಣಾಮವನ್ನೂ ಒಂದರೊಳಗೊಂದು ಬೆರೆಸಬಾರದು ಎಂದೂ ಹೇಳಿದರು. ಕೇಸು ನಡೆಯಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ತಾಯಿಯ ಹೆಸರನ್ನು ಇನ್ನೊಬ್ಬ ಹೆಂಗಸಿನ ಬೆನ್ನಿಗೆ ಬಾರಿಸುವ ಕೋಲು ಮಾಡಿಕೊಳ್ಳುವುದು ನನಗೆ ಸಹಿಸಲಾಗುವುದಿಲ್ಲ.

ಪೋಪ್ ಎರಡನೇ ಜಾನ್ ಪಾಲ್ ಅವರದೂ ಅದೇ ಕಥೆ. 1981ರ ಮೇ 13ರಂದು ಸಂತ ಪೀಟರ್ ಚೌಕದಲ್ಲಿ ಮೆಹ್ಮೆತ್ ಅಲಿ ಆಜಾ ಎಂಬವನು ಅವರ ಮೇಲೆ ಗುಂಡು ಹಾರಿಸಿದ. ನಾಲ್ಕು ದಿನಕ್ಕೇ ಆಸ್ಪತ್ರೆಯಿಂದ ಪೋಪ್ ಕ್ಷಮೆಯ ಮಾತು ಹೇಳಿದರು, 1983ರ ಡಿಸೆಂಬರಿನಲ್ಲಿ ಜೈಲಿಗೇ ಹೋಗಿ ಅವನ ಪಕ್ಕ ಕೂತು ಮಾತಾಡಿದರು. ಮಾತು ಮುಗಿದ ಮೇಲೆ ಪೋಪ್ ಹೊರಗೆ ಬಂದರು, ಅವನು ಒಳಗೇ ಉಳಿದ. ಇಟಲಿ ಅವನಿಗೆ ಕ್ಷಮಾದಾನ ಕೊಟ್ಟಿದ್ದು 2000ದಲ್ಲಿ. ಆ ಹತ್ತೊಂಬತ್ತು ವರ್ಷ ಪೋಪ್ ಕ್ಷಮಿಸಿರಲಿಲ್ಲ ಅಂತ ಯಾರಾದರೂ ಹೇಳುತ್ತಾರಾ?

'ನಿಮ್ಮದು ಒಂದು ಬ್ಯಾಗು' ಅನ್ನುವ ಮಾತಿಗೂ ಸ್ವಲ್ಪ ಬರೆಯಲೇಬೇಕು. ಏಳೆಪ್ಪತ್ತು ಸಾರಿ ಕ್ಷಮಿಸು ಅಂದ ಮೇಲೆ ಯೇಸು ಒಂದು ಸಾಮ್ಯ ಹೇಳುತ್ತಾನಲ್ಲ, ಹತ್ತು ಸಾವಿರ ತಲಾಂತು, ಅಂದರೆ ಜನ್ಮದಲ್ಲಿ ತೀರಿಸಲಾಗದಷ್ಟು ಸಾಲ, ಮನ್ನಾ ಮಾಡಿಸಿಕೊಂಡ ಆಳು, ತನಗೆ ನೂರು ದೆನಾರಿ ಕೊಡಬೇಕಾದವನ ಕುತ್ತಿಗೆ ಹಿಡಿದ ಕಥೆ. ಆ ನೂರು ದೆನಾರಿ ಅಂದರೆ ಪುಡಿಗಾಸು ಅನ್ನುವ ಧಾಟಿಯಲ್ಲೇ ಜಾಸ್ತಿ ಜನ ಪ್ರಸಂಗ ಮಾಡುತ್ತಾರೆ. ಒಂದು ದೆನಾರಿ ಒಂದು ದಿನದ ಕೂಲಿ. ನೂರು ಅಂದರೆ ಮೂರು ತಿಂಗಳಿಗೂ ಮೀರಿದ ದುಡಿಮೆ! ಯೇಸು ಅದನ್ನು ಸೊನ್ನೆ ಅನ್ನಲಿಲ್ಲ. ದೊಡ್ಡ ಸಾಲದ ಪಕ್ಕದಲ್ಲಿಟ್ಟು ತೋರಿಸಿದ, ಅಷ್ಟೆ. ಇನ್ನೂ ಒಂದು ಗಮನಿಸಿ, ಆ ಕಥೆ ಶುರುವಾಗುವುದೇ ಅರಸ ಲೆಕ್ಕ ತೆಗೆದುಕೊಳ್ಳಲು ಕೂತಾಗ. ಮೊದಲು ಲೆಕ್ಕ, ಆಮೇಲೆ ಮನ್ನಾ. ನಿಮ್ಮ ಲೆಕ್ಕವನ್ನೇ ಯಾರೂ ಕೇಳಿಲ್ಲ: ಮುರಿದ ಮಣಿಕಟ್ಟು, ಹೋದ ನಿದ್ದೆ, ಸಂಜೆ ಒಬ್ಬರೇ ನಡೆಯುವ ಧೈರ್ಯ, ಗಾಯನ ತಂಡದ ಜಾಗ, ಐದು ತಿಂಗಳ ರೊಟ್ಟಿ. ಎಷ್ಟು ಸಾಲ ಅಂತಲೇ ಗೊತ್ತಿಲ್ಲದೆ ಯಾವುದನ್ನು ಮನ್ನಾ ಮಾಡುವುದು?

ಆ ಹುಡುಗ ನಿಮ್ಮ ಹತ್ತಿರ ಬಂದಿದ್ದಾನಾ? ಪತ್ರದಲ್ಲಿಲ್ಲ. ತಾಯಿ ಅತ್ತರಂತೆ, ಪಾಸ್ಟರ್ ಕೇಳಿದರಂತೆ, ನಾದಿನಿ ಹೇಳಿದರಂತೆ. ಬೈಬಲಿನ ಸುಂಕ ವಸೂಲಿಗಾರ ಜಕ್ಕಾಯ ತಾನೇ ಎದ್ದು ನಿಂತು, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ. ಅವನ ಅಮ್ಮನನ್ನು ಕಳಿಸಲಿಲ್ಲ. (ಕೋರ್ಟಿನ ಷರತ್ತು ಇದ್ದರೆ ಅವನು ಈಗ ನಿಮ್ಮ ಹತ್ತಿರ ಬರುವಂತಿಲ್ಲ, ಆಗ ಕೇಸು ಮುಗಿಯುವವರೆಗೆ ಕಾಯಲಿ. ಕಾಯುವುದು ಅವನಿಗೂ ಒಳ್ಳೆಯದೇ.)

ನನಗೂ ಒಮ್ಮೆ ಇಂಥದ್ದು ಆಗಿತ್ತು, ನಿಮ್ಮದಕ್ಕಿಂತ ಚಿಕ್ಕದು, ಮನೆಗೆ ಕಳ್ಳ ನುಗ್ಗಿದ್ದು. ಕ್ಷಮಿಸಿದ್ದೇನೆ ಅಂತ ನಾನು ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ಎಲ್ಲರೂ ಹಲ್ಲೆಲೂಯ ಅಂದರು. ಮನೆಗೆ ಬಂದು ಬಾಗಿಲಿಗೆ ಮೂರನೇ ಚಿಲಕ ಹಾಕಿಸಿದೆ, ಮತ್ತೆ ವರ್ಷಗಟ್ಟಲೆ ಅವನನ್ನು ಬೈದೆ, ಬೈದದ್ದನ್ನು ಯಾರಿಗೂ ಹೇಳುವಂತಿರಲಿಲ್ಲ, ಯಾಕೆಂದರೆ ಹಲ್ಲೆಲೂಯ ಆಗಿಹೋಗಿತ್ತಲ್ಲ. ಅವತ್ತಿನಿಂದ ಮೈಕ್ ಹಿಡಿದು ಮಾಡುವ ಕ್ಷಮೆಯ ಮೇಲೆ ನನಗೆ ನಂಬಿಕೆ ಹೋಗಿದೆ. ಶಿಲುಬೆಯ ಮೇಲೆ ಯೇಸು ಕೂಡ ಸೈನಿಕರ ಕಡೆ ತಿರುಗಿ ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಘೋಷಿಸಲಿಲ್ಲ. ತಂದೆಯೇ, ಇವರನ್ನು ಕ್ಷಮಿಸು ಎಂದು ತಂದೆಯ ಹತ್ತಿರ ಕೇಳಿದ. ನಿಮಗೆ ಇವತ್ತು ಅಷ್ಟು ಕೂಡ ಬಾಯಿಗೆ ಬರದಿದ್ದರೆ, 'ತಂದೆಯೇ, ಇವನ ವಿಷಯ ನೀನು ನೋಡಿಕೋ, ನನ್ನ ಕೈ ನೋಯುತ್ತಿದೆ' ಅಂದರೂ ಅದು ಪ್ರಾರ್ಥನೆಯೇ.

ಹಾಗಾದರೆ ನೀವು ಮಾಡಬೇಕಾದ್ದೇನು? ಒಂದೇ. ಪಾಸ್ಟರ್‌ಗೆ ಉತ್ತರ ಕೊಡುವುದು, ಹುಡುಗನ ತಾಯಿಗೆ ಏನು ಹೇಳುವುದು, ಇದೆಲ್ಲ ಆಮೇಲೆ. ಈ ಸಲ ಭೋಜನದ ಭಾನುವಾರ ಬಂದಾಗ ಎದ್ದು ಹೋಗಿ ತೆಗೆದುಕೊಳ್ಳಿ. ಕ್ಷಮಿಸಿದ ಮೇಲೆ ಅಲ್ಲ, ಈಗಲೇ, ಸಿಟ್ಟು ಇಟ್ಟುಕೊಂಡೇ, ಹೆದರಿಕೆ ಇಟ್ಟುಕೊಂಡೇ. ಬಲಗೈ ಮೇಲೆತ್ತಲು ನೋವಾದರೆ ಎಡಗೈ ಚಾಚಿ. ಅವನು ಸಾಲಿನಲ್ಲಿದ್ದರೆ ಅವನು ಹೋಗಿ ಕೂತ ಮೇಲೆ ಹೋಗಿ, ರೊಟ್ಟಿ ಖಾಲಿಯಾಗುವುದಿಲ್ಲ. ಯಾರಾದರೂ ಹುಬ್ಬು ಹಾರಿಸಿದರೆ ಮತ್ತಾಯ ಐದು, ಇಪ್ಪತ್ತಮೂರು ಓದಿ ನೋಡಿ ಎನ್ನಿ.

ಮತ್ತೆ ಅವತ್ತು ನಾದಿನಿ ಪಕ್ಕ ಕೂರಬೇಡಿ.