ಹಂದಿಮಾಂಸ ತಿನ್ನದವರ ಮಿದುಳಿಗೆ ಲಾಡಿಹುಳು ಹೇಗೆ ಹೋಗುತ್ತದೆ?

ಮಾಂಸವನ್ನೇ ಮುಟ್ಟದವರ ಮಿದುಳಲ್ಲೂ ಲಾಡಿಹುಳುವಿನ ಮರಿ ಸಿಗುತ್ತದೆ, ಅದು ಹೇಗೆ ಅಂತ ಕೇಳಿದ್ದೀರಿ ಅಲ್ವಾ. ಟೀನಿಯಾ ಸೋಲಿಯಂ, ಅಂದರೆ ಹಂದಿಮಾಂಸದಿಂದ ಬರುವ ಲಾಡಿಹುಳುವಿನ ವಿಷಯದಲ್ಲಿ ಹೊಟ್ಟೆಗೆ ಹೋಗಿದ್ದು ಮರಿಯೋ ಮೊಟ್ಟೆಯೋ ಅನ್ನುವುದೇ ಮುಖ್ಯ. ಸರಿಯಾಗಿ ಬೇಯದ ಹಂದಿಮಾಂಸದಲ್ಲಿರುವ ಮರಿ ಹೋದರೆ ಅದು ಕರುಳಲ್ಲೇ ಕೂತು ಉದ್ದದ ಹುಳುವಾಗುತ್ತದೆ, ಅಷ್ಟೇ. ಮೊಟ್ಟೆ ಹೋದರೆ ಕಥೆ ಬೇರೆ. ಮೊಟ್ಟೆ ಬರುವುದು ಹಂದಿಮಾಂಸದಿಂದ ಅಲ್ಲ, ಹುಳುವಿರುವ ಮನುಷ್ಯನ ಮಲದಿಂದ. ತೊಳೆಯದ ಕೈ, ಕೊಳಕು ನೀರು, ಹಸಿ ತರಕಾರಿ ಮೂಲಕ ಅದು ಯಾರ ಬಾಯಿಗಾದರೂ ಸೇರಬಹುದು, ಹುಳುವಿರುವವರ ಬಾಯಿಗೇ ವಾಪಸ್ ಹೋಗಬಹುದು. ಮೊಟ್ಟೆಯೊಡೆದು ಬಂದ ಮರಿ ಕರುಳು ಕೊರೆದು, ರಕ್ತದಲ್ಲಿ ಸಾಗಿ ಸ್ನಾಯು, ಕಣ್ಣು, ಮಿದುಳಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ಮಿದುಳಿನ ಗುಳ್ಳೆಯಿಂದ ಬರುವ ಮೂರ್ಛೆ (ಫಿಟ್ಸ್) ಕೆಲವೊಮ್ಮೆ ವರ್ಷಗಳ ನಂತರ ಕಾಣಿಸಿಕೊಳ್ಳುತ್ತದೆ. ದನದ ಮಾಂಸದಿಂದ ಬರುವ ಲಾಡಿಹುಳು ಟೀನಿಯಾ ಸ್ಯಾಜಿನೇಟಾ ಮನುಷ್ಯರಿಗೆ ಈ ಕಾಟ ಕೊಡುವುದಿಲ್ಲ. ಎರಡರ ಜೀವನಚಕ್ರವನ್ನೂ ಅಕ್ಕಪಕ್ಕ ಬರೆದುಕೊಳ್ಳಿ, ಸುಮ್ನೆ ಬಾಯಿಪಾಠ ಬೇಡ.