ಮ್ಯಾಪ್ ಸೆನ್ಸರ್ ಬದಲಿಸುವ ಮೊದಲು ಅರ್ತ್ ನೋಡಿ

ಪೆರ್ಲದ ಭಾವ, ಆ ಎರಡನೆಯ ಮ್ಯಾಪ್ ಸೆನ್ಸರ್ (ಇಂಜಿನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಕೊಳವೆಯೊಳಗಿನ ಒತ್ತಡ ಅಳೆಯುವ ಸಾಧನ) ಅಂಗಡಿಯಿಂದ ಇನ್ನೂ ಹೊರಡದಿದ್ದರೆ ಇವತ್ತೇ ಬೇಡವೆಂದು ಹೇಳಿ. ನಿಮ್ಮ ಕಾರಿಗೆ ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ನಡುಕ, ಕಪ್ಪು ಹೊಗೆ, ಮೈಲೇಜ್ 17ರಿಂದ 12ಕ್ಕೆ ಇಳಿದಿದೆ, ಸ್ಕ್ಯಾನರಿನಲ್ಲಿ ಪಿ0108 ಎಂಬ ದೋಷದ ಕೋಡ್ ಬಂತು, ಗ್ಯಾರೇಜಿನವರು ಮ್ಯಾಪ್ ಸೆನ್ಸರ್ ಬದಲಿಸಿದರು, ಹದಿನೈದು ದಿನಕ್ಕೆ ಅದೇ ಕೋಡ್ ಮರಳಿತು, ಈಗ ‘ಹೊಸದೂ ಹಾಳಾಗಿರಬೇಕು’ ಎಂದು ಇನ್ನೊಂದು ತರಿಸುತ್ತಿದ್ದೇನೆ ಎಂದು ಬರೆದಿದ್ದೀರಿ. ನಾಲ್ಕು ಮಳೆಗಾಲದ ಹಿಂದೆ ನಾನೂ ಇದನ್ನೇ ಮಾಡಿದೆ. ಎರಡು ಸೆನ್ಸರಿನ ಹಣ ಹೋಯಿತು, ಕಾರು ಹಾಗೆಯೇ ಇತ್ತು.

ಪಿ0108 ಎಂದರೆ ಸೆನ್ಸರ್ ಹಾಳು ಎಂದಲ್ಲ. ಸಿಗ್ನಲ್ ತಂತಿಯ ವೋಲ್ಟೇಜ್ ಇರಬೇಕಾದುದಕ್ಕಿಂತ ಮೇಲೆ ಹೋಗಿದೆ ಎಂದು ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಹೇಳುತ್ತಿದೆ, ಅಷ್ಟೇ. ಅರ್ತ್, ಅಂದರೆ ಬ್ಯಾಟರಿಯ ಋಣ ತುದಿಗೆ ಮರಳುವ ತಂತಿ, ಕಡಿದರೂ ಸಿಗ್ನಲ್ ಮೇಲೆಯೇ ಹೋಗುತ್ತದೆ. ಕೋಡ್ ಓದಿ ಸಾಮಾನು ಬದಲಿಸುವುದು ರೋಗ ನೋಡದೆ ಮದ್ದು ಕೊಟ್ಟ ಹಾಗೆ. ಯಾವ ಗ್ಯಾರೇಜಿನವರು ಹೇಳಿದರೂ ಸರಿ, ಅಳೆದು ತೋರಿಸಿ ಎಂದು ಕೇಳಿ.

ನಾನು ಎಡವಿದ್ದು ಎಲ್ಲಿ ಎಂದರೆ, ಅಳೆದೂ ಎಡವಿದೆ. ಕೀಲಿ ತಿರುಗಿಸಿ, ಇಂಜಿನ್ ಚಾಲೂ ಮಾಡದೆ ಸ್ಕ್ಯಾನರಿನಲ್ಲಿ ಲೈವ್ ಡೇಟಾ (ಸೆನ್ಸರಿನ ಆ ಕ್ಷಣದ ಓದು) ನೋಡಿದೆ: 101 ಕಿಲೋಪ್ಯಾಸ್ಕಲ್. ನಮ್ಮ ಕರಾವಳಿಗೆ ಸರಿಯಾದ ಲೆಕ್ಕ. ಸಾಕೆಟ್ ಕಳಚಿ ಮಲ್ಟಿಮೀಟರ್ ಇಟ್ಟೆ: ಐದು ವೋಲ್ಟ್ ಬರುತ್ತಿದೆ, ಅರ್ತ್ ಇದೆ. ಹಾಗಾದರೆ ವೈರಿಂಗ್ ಸರಿ, ಸೆನ್ಸರೇ ಕೆಟ್ಟದ್ದು ಎಂದು ತೀರ್ಮಾನಿಸಿದೆ. ಎರಡೂ ಅಳತೆ ನನಗೆ ಸುಳ್ಳು ಹೇಳಿದ್ದವು. ಸಾಕೆಟ್ ಕಳಚಿದಾಗ ತಂತಿಯಲ್ಲಿ ಕರೆಂಟ್ ಹರಿಯುವುದೇ ಇಲ್ಲ; ಒಂದೇ ಎಳೆ ಹಿಡಿದುಕೊಂಡಿದ್ದರೂ ಮೀಟರ್ ಪೂರ್ತಿ ಐದು ತೋರಿಸುತ್ತದೆ. ಇನ್ನು ಇಂಜಿನ್ ನಿಂತಿರುವಾಗ ಸಿಗ್ನಲ್ ಹೇಗೂ ನಾಲ್ಕು ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಅರ್ತಿನ ದೋಷ ಅಲ್ಲಿ ಅಡಗಿಬಿಡುತ್ತದೆ. ಐಡಲಿಗೆ ಬಂದು ಸಿಗ್ನಲ್ ಒಂದೂವರೆ ವೋಲ್ಟಿನ ಹತ್ತಿರ ಇಳಿದಾಗ ಮಾತ್ರ ಹೊರಗೆ ಬರುತ್ತದೆ.

ಸರಿಯಾದ ಕ್ರಮ ಹೀಗೆ. ಸಾಕೆಟ್ ಹಾಕಿಯೇ ಇರಲಿ, ಇಂಜಿನ್ ಓಡುತ್ತಿರಲಿ. ಮೀಟರಿನ ಕಪ್ಪು ಮೊನೆ ನೇರವಾಗಿ ಬ್ಯಾಟರಿಯ ಋಣ ತುದಿಗೆ. ಕೆಂಪು ಮೊನೆ ಸಾಕೆಟ್ಟಿನ ಹಿಂಬದಿಯಿಂದ, ರಬ್ಬರ್ ಸೀಲಿನ ಪಕ್ಕದಲ್ಲಿ ತೂರಿಸಿದ ಸಣ್ಣ ಗುಂಡುಸೂಜಿಯ ಮೂಲಕ ಸೆನ್ಸರಿನ ಅರ್ತ್ ತಂತಿಗೆ. 0.05 ವೋಲ್ಟಿನೊಳಗೆ ಇರಬೇಕು. ನನ್ನದರಲ್ಲಿ 0.34 ಇತ್ತು. ಐಡಲಿನಲ್ಲಿ ಒತ್ತಡ 35 ಕಿಲೋಪ್ಯಾಸ್ಕಲ್ ಇರಬೇಕಾದ ಕಡೆ 42 ತೋರಿಸುತ್ತಿದ್ದುದು ಇದರಿಂದಲೇ. ಇಂಜಿನಿಗೆ ಭಾರ ಬಿದ್ದಿದೆ ಎಂದು ನಂಬಿ ಇಸಿಯು ಪೆಟ್ರೋಲ್ ಸುರಿಯುತ್ತಿತ್ತು. ರಸ್ತೆಯ ಗುಂಡಿಯಲ್ಲಿ ಕಾರು ಹಾರಿದಾಗ ತಂತಿ ಪೂರ್ತಿ ಬಿಟ್ಟು ಪಿ0108 ಬರುತ್ತಿತ್ತು.

ತಂತಿಗೆ ಸುತ್ತಿದ ಟೇಪ್ ಬಿಚ್ಚುತ್ತಾ ಹೋದೆ. ಸಾಕೆಟ್ಟಿನಿಂದ ಗೇಣುದ್ದ ಹಿಂದೆ ತಂತಿಯ ಸಿಪ್ಪೆಯಲ್ಲಿ ಸೂಜಿಮೊನೆಯಷ್ಟು ತೂತು. ಬೆರಳಲ್ಲಿ ಬಗ್ಗಿಸಿದರೆ ಅಲ್ಲಿ ಮಾತ್ರ ಮೆತ್ತಗೆ. ಸಿಪ್ಪೆ ಸೀಳಿದಾಗ ಒಳಗಿನ ತಾಮ್ರ ಹಸಿರು ಹುಡಿಯಾಗಿ ಅಂಗೈಗೆ ಉದುರಿತು. ಎರಡೇ ಎಳೆ ಉಳಿದಿದ್ದವು. ಹಿಂದೆ ಯಾವಾಗಲೋ ಯಾರೋ ಟೆಸ್ಟ್ ಲ್ಯಾಂಪಿನ ಮೊನೆ ಚುಚ್ಚಿ ನೋಡಿದ ಗಾಯ. ನಮ್ಮ ಮಳೆ, ನಮ್ಮ ಉಪ್ಪುಗಾಳಿ ಉಳಿದ ಕೆಲಸ ಮುಗಿಸಿದ್ದವು. ದಯವಿಟ್ಟು ತಂತಿಯ ಸಿಪ್ಪೆಗೆ ಸೂಜಿ ಚುಚ್ಚಬೇಡಿ, ಚುಚ್ಚಲು ಬಿಡಲೂ ಬೇಡಿ. ಹಾಗೆ ಚುಚ್ಚುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕಡಿದ ಕಡೆ ಬೆಸುಗೆ ಹಾಕಿ, ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿದೆ. ಬರೀ ಕಪ್ಪು ಟೇಪ್ ಒಂದು ಮಳೆಗಾಲ ದಾಟುವುದಿಲ್ಲ.

ಅರ್ತ್ ಸರಿ ಇದ್ದರೆ ಮಾತ್ರ ಮುಂದೆ ಹೋಗಿ. ಸೆನ್ಸರಿಗೆ ಹೋಗುವ ರಬ್ಬರ್ ಕೊಳವೆ ಬಿರಿದಿದೆಯೇ, ನೇರ ಮ್ಯಾನಿಫೋಲ್ಡಿಗೆ ಕೂರುವ ಜಾತಿಯಾದರೆ ಓ ರಿಂಗ್ (ರಬ್ಬರ್ ಬಳೆ) ಗಟ್ಟಿಯಾಗಿದೆಯೇ ನೋಡಿ. ಅಲ್ಲಿ ಗಾಳಿ ಎಳೆದರೂ ಓದು ಮೇಲೆ ಹೋಗುತ್ತದೆ. ಮ್ಯಾನಿಫೋಲ್ಡಿನಲ್ಲೇ ಬೇರೆ ಕಡೆ ಸೋರಿಕೆ ಇದ್ದರೆ ಸಾಮಾನ್ಯವಾಗಿ ಐಡಲ್ ಏರುತ್ತದೆ, ಕಪ್ಪು ಹೊಗೆ ಇರುವುದಿಲ್ಲ. ಸೋರಿಕೆ ಹುಡುಕಲು ಊದುಬತ್ತಿ ಹಿಡಿದರೆ ಹೊಗೆ ಒಳಗೆ ಎಳೆಯುವುದು ಕಾಣುತ್ತದೆ. ಆದರೆ ಪೆಟ್ರೋಲ್ ವಾಸನೆ ಇದ್ದರೆ ಬೆಂಕಿಯ ಹತ್ತಿರವೇ ಹೋಗಬೇಡಿ, ನೀರು ಚಿಮುಕಿಸಿ ನೋಡಿ. ಬಿಸಿ ಇಂಜಿನಿಗೆ ಪೆಟ್ರೋಲ್ ಚಿಮುಕಿಸಿ ನೋಡುವವರೂ ಇದ್ದಾರೆ. ಅದು ಪ್ರಾಣಕ್ಕೆ ಸಂಚಕಾರ.

ಸೆನ್ಸರನ್ನೇ ಪರೀಕ್ಷಿಸಲು ನಾನು ಬಳಸುವುದು ಔಷಧ ಅಂಗಡಿಯ 50 ಮಿಲಿಲೀಟರ್ ಸಿರಿಂಜ್. ಸೂಜಿ ಬೇಡ. ತುಂಡು ಕೊಳವೆಯಿಂದ ಸೆನ್ಸರಿನ ಮೂತಿಗೆ ಜೋಡಿಸಿ, ಕೀಲಿ ಹಾಕಿ, ನಿಧಾನ ಎಳೆಯಿರಿ. ಓದು 100ರಿಂದ ನಡುವೆ ತಡೆಯದೆ, ಜಿಗಿಯದೆ ಇಳಿಯಬೇಕು. ಹಿಡಿದು ನಿಂತರೆ ಅಲ್ಲೇ ನಿಲ್ಲಬೇಕು. ಎಲ್ಲೋ ಒಂದು ಕಡೆ ಅಂಟಿಕೊಂಡರೆ ಆಗ ಸೆನ್ಸರ್ ಬದಲಿಸಿ, ನಾನೇ ಬದಲಿಸಿ ಎನ್ನುತ್ತೇನೆ. ಬಾಯಿಂದ ಎಳೆಯಬೇಡಿ, ಉಗುಳಿನ ತೇವ ಒಳಗೆ ಹೋಗುತ್ತದೆ. ಕಾರ್ಬ್ಯುರೇಟರ್ ಕ್ಲೀನರನ್ನು ಅದರ ತೂತಿಗೆ ಹೊಡೆಯಲೂ ಬೇಡಿ. ಒಳಗಿರುವುದು ತೆಳ್ಳಗಿನ ಸಿಲಿಕಾನ್ ಪೊರೆ.

ಕೊಳ್ಳಲೇಬೇಕಾದರೆ ಹಳೆಯದರ ಮೈಮೇಲಿನ ನಂಬರ್ ನೋಡಿ ಅದನ್ನೇ ತನ್ನಿ. ಡೆನ್ಸೊ ಇದ್ದ ಕಡೆ ಡೆನ್ಸೊ, ಬಾಷ್ ಇದ್ದ ಕಡೆ ಬಾಷ್. ಸಾಕೆಟ್ ಕೂರುತ್ತದೆ ಎಂದ ಮಾತ್ರಕ್ಕೆ ಅಳತೆ ಒಂದೇ ಆಗುವುದಿಲ್ಲ. ಅರ್ಧ ಬೆಲೆಯ, ಹೆಸರಿಲ್ಲದ ಪೆಟ್ಟಿಗೆಯ ಸೆನ್ಸರ್ ನನಗೆ ಒಮ್ಮೆಯೂ ಒಳ್ಳೆಯದು ಮಾಡಿಲ್ಲ. ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಈ ಕೆಲಸಕ್ಕೆ ಸಾಕು, ಆದರೆ ಅದರ ಓದು ನಿಧಾನ. ಕ್ಷಣಮಾತ್ರದ ಕಡಿತ ಅದರಲ್ಲಿ ತಪ್ಪಿಹೋಗುತ್ತದೆ. ತಂತಿ ಅಲ್ಲಾಡಿಸಿ ನೋಡುವಾಗ ಮೀಟರನ್ನೇ ನಂಬಿ.

ಇನ್ನೊಂದು ಮಾತು. ಜಾಲ್ಸೂರು, ಸುಳ್ಯ ದಾಟಿ ಮಡಿಕೇರಿಗೆ ಹೋದವರು ಅಲ್ಲಿ ಕೀಲಿ ತಿರುಗಿಸಿ 88 ಅಥವಾ 89 ಕಿಲೋಪ್ಯಾಸ್ಕಲ್ ಕಂಡು ಹೆದರಬೇಡಿ. 1,100 ಮೀಟರಿಗಿಂತ ಎತ್ತರದ ಊರು, ಅಲ್ಲಿಯ ಗಾಳಿಯ ಒತ್ತಡವೇ ಅಷ್ಟು.

ಅಡಿಕೆ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸುತ್ತೀರಿ ಎಂದು ಹಿಂದೊಮ್ಮೆ ಬರೆದಿದ್ದಿರಿ. ಇಲಿ ಹಲ್ಲಿನ ಗುರುತಿಗೂ ತಂತಿಯ ಸಾಲು ಪೂರ್ತಿ ತಡವಿ ನೋಡಿ, ಬ್ಯಾಟರಿ ತಟ್ಟೆಯ ಕೆಳಗೆ ಮುಖ್ಯವಾಗಿ. ನಾಳೆ ಬೆಳಿಗ್ಗೆ ಅರ್ತಿನ ಓದು ಎಷ್ಟು ಬಂತೆಂದು ಇಲ್ಲಿ ಹಾಕಿ. ಇಂಜಿನ್ ಬಿಸಿಯಾಗಿರಲಿ, ಎಸಿ ಬಂದ್ ಇರಲಿ. ಕಳಚಿದ ಹಳೆಯ ಸೆನ್ಸರನ್ನು ಎಸೆದಿಲ್ಲವಷ್ಟೇ? ಅದು ಒಳ್ಳೆಯದೇ ಇರಬಹುದು, ಸಿರಿಂಜಿಗೆ ಹಾಕಿ ನೋಡಿ.